ಹಿಟ್ಟಿನ ಪಾದ

“ಅದನ್ನ ಗುಡಿಸ್ಬ್ಯಾಡ ಕಣವ್ವ. ಮುಟ್ಟಾಕೂ ಬ್ಯಾಡ. ಅಂಗೇ ಬಿದ್ದಿರ್ಲಿ ಬಿಡು.”

ಪಕ್ಕದ ಮನೆಯ ಕಾಶಮ್ಮ ಕಾಂಪೌಂಡಿನ ಆಚೆಯಿಂದ ಹೇಳಿದಳು. ಹೇಳಿದ್ದೂ ಮೆಲ್ಲಗೆ, ಸೊಪ್ಪು ಸೋಸುತ್ತ, ತಲೆ ಎತ್ತದೆ. ವನಜಾಕ್ಷಿ ಪೊರಕೆ ಹಿಡಿದು ಗೇಟಿನ ಮುಂದೆ ನಿಂತಿದ್ದಳು. ಹೊಸ ಮನೆಯಲ್ಲಿ ಅದು ಮೊದಲ ಬೆಳಗು. ಅರ್ಧ ಸಾಮಾನು ಇನ್ನೂ ಗೋಣಿಚೀಲದಲ್ಲೇ ಇತ್ತು.

ಗೇಟಿನ ಎದುರು ಬಡಾವಣೆಯ ಮೂರು ರಸ್ತೆ ಬಂದು ಕೂಡುತ್ತವೆ. ಕೂಡುವ ಆ ಜಾಗದಲ್ಲಿ ಒಂದು ಹಳೆಯ ಮೊರ. ಮೊರದೊಳಗೆ ಅಕ್ಕಿಹಿಟ್ಟಿನಿಂದ ಮಾಡಿದ ಎರಡು ಪಾದ. ಮಾಡಿದವರು ಬೆರಳು ಬೆರಳನ್ನೂ ಬಿಡಿಸಿ ತಿದ್ದಿದ್ದರು, ಉಗುರು ಕೂಡ ಗೀರಿದ್ದರು. ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿತ್ತು. ಸುತ್ತ ಅರಿಶಿನ ಸುಣ್ಣದ ಕೆಂಪು ನೀರು ಒಣಗಿ ಕರೆಗಟ್ಟಿತ್ತು.

“ಇದು ಹಸಿ ಕಸಾನಾ, ಒಣ ಕಸಾನಾ ಕಾಶಮ್ಮಾ? ಮುನ್ಸಿಪಾಲಿಟಿ ಗಾಡಿಯವನು ಕೇಳ್ತಾನೆ,” ಎಂದು ವನಜಾಕ್ಷಿ ನಕ್ಕಳು. ಅವಳು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಊರ ಜನರ ರಕ್ತವನ್ನೆಲ್ಲ ಗಾಜಿನ ಚೂರಿನ ಮೇಲೆ ಸವರಿ ನೋಡಿದವಳು. ಇಂಥದ್ದಕ್ಕೆಲ್ಲ ಅವಳ ಬಳಿ ನಗು ಬಿಟ್ಟರೆ ಬೇರೆ ಉತ್ತರವಿರಲಿಲ್ಲ.

ಗಂಡ ಚಂದ್ರಕುಮಾರ್ ಹಲ್ಲುಜ್ಜುತ್ತ ಹೊರಗೆ ಬಂದ. ಸರ್ಕಾರಿ ಬಸ್ಸಿನ ಡ್ರೈವರ್. ವರ್ಷಗಟ್ಟಲೆ ಬಸ್ಸಿನ ಸೀಟಿನಲ್ಲಿ ಕೂತವನು, ಆದರೆ ಸ್ವಂತ ಮನೆಯ ಜಗಲಿಯಲ್ಲಿ ಒಂದು ದಿನವೂ ಕೂತವನಲ್ಲ. ಕಡೂರಿನಲ್ಲಿ ಅವರು ಬಾಡಿಗೆಗೆ ಕೇಳಿದ ಮನೆಗಳೆಷ್ಟೋ. ಮೊದಲು ನಗುತ್ತ ಮಾತಾಡಿಸುವವರು, ಯಾವ ಜನ ಎಂದು ಗೊತ್ತಾದ ಮೇಲೆ, “ಬೇರೆಯವರಿಗೆ ಮಾತಾಗೋಗೈತೆ” ಅನ್ನುತ್ತಿದ್ದರು. ರಸ್ತೆ ನೇರ ಬಂದು ಬಾಗಿಲಿಗೆ ಗುದ್ದುವ ಈ ಮನೆಯನ್ನು ಯಾರೂ ಕೊಳ್ಳಲಿಲ್ಲವಾದ್ದರಿಂದ ಇವರಿಗೆ ದಕ್ಕಿತು. ಗೋಡೆಗೆ ಬುದ್ಧನ ಪಟ ತೂಗುಹಾಕಿ, ಪರದೆಗೂ ಮೊದಲು ಚಂದ್ರಕುಮಾರ್ ತಂದದ್ದು ಒಂದು ಬೆತ್ತದ ಕುರ್ಚಿ.

“ನೋಡ್ರೀ, ಯಾರೋ ಕಾಲು ಬಿಟ್ಟು ಹೋಗವ್ರೆ,” ಎಂದಳು ವನಜಾಕ್ಷಿ. “ಒಂದ್ಸಲ ಇಟ್ಟು ನೋಡಿ. ಯಾರ ಅಳತೆ ಅಂತ ಗೊತ್ತಾಗ್ಲಿ. ಕಾಶಮ್ಮನ ಭಯಾನೂ ಹೋಗ್ಲಿ.”

ಕಾಶಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ತುಟಿ ಅಲುಗಿತು.

ಚಂದ್ರಕುಮಾರ್ ನಗುತ್ತ ಚಪ್ಪಲಿ ಬಿಟ್ಟು ಬಲಗಾಲು ಇಟ್ಟ. ಆಮೇಲೆ ಎಡಗಾಲು. ಬಾಯಲ್ಲಿದ್ದ ಬ್ರಷ್ಷು ಹಾಗೇ ನಿಂತಿತು.

“ಬೆಚ್ಚಗೈತೆ ಕಣೇ,” ಎಂದ.

ಆ ದಿನ ಅವನು ತಿಂಡಿಯನ್ನು ನಿಂತೇ ತಿಂದ. ಬೆತ್ತದ ಕುರ್ಚಿಯಲ್ಲಿ ಕೂರಲು ಬಗ್ಗಿದವನು ಕಾದ ಹೆಂಚು ತಾಗಿದವನಂತೆ ಎದ್ದ. ಮತ್ತೆ ಬಗ್ಗಿದ. ಮತ್ತೆ ಎದ್ದ. “ಸೊಂಟ ಹಿಡ್ಕೊಂಡೈತೆ,” ಎಂದು ಹೇಳಿ ಡ್ಯೂಟಿಗೆ ಹೊರಟ. ಬಿಸಿಲೇರಿದಾಗ ಕಂಡಕ್ಟರ್ ಬೀರಪ್ಪನ ಫೋನು ಬಂತು.

“ಅಕ್ಕಾ, ಸಖರಾಯಪಟ್ಣ ದಾಟಿದ ಮೇಲೆ ಅಣ್ಣ ಬಸ್ ನಿಲ್ಸಿ ಇಳಿದುಬಿಟ್ರು. ಇಂಜಿನ್ನೂ ಆಫ್ ಮಾಡಿಲ್ಲ. ನಡ್ಕೊಂಡು ಹೋಗ್ತಾನೇ ಅವ್ರೆ. ಕೂಗಿದ್ರೆ ತಿರುಗಿ ನೋಡ್ತಾರೆ, ನಿಲ್ಲಲ್ಲ. ಅಳ್ತಾವ್ರೆ ಅಕ್ಕ. ಅಳ್ತಾ ಅಳ್ತಾ ನಡೀತಾವ್ರೆ.”

ರಾತ್ರಿ ಅವನು ನಡೆದೇ ಮನೆ ಸೇರಿದ. ಅಲ್ಲಿಂದ ಮನೆಯಲ್ಲಿ ಒಂದೇ ಸದ್ದು, ಅವನ ಹೆಜ್ಜೆಯದು. ಪರಕ್, ಪರಕ್. ಹಾಲ್, ಅಡುಗೆಮನೆ, ಹಿತ್ತಲು, ಮತ್ತೆ ಹಾಲ್. ಅವನು ಮನೆಯೊಳಗೆ ಸುತ್ತಿದ. ಮನೆಯ ಸುತ್ತ ಸುತ್ತಿದ. ಊಟವನ್ನು ವನಜಾಕ್ಷಿ ಜೊತೆಜೊತೆಗೆ ನಡೆಯುತ್ತ ಬಾಯಿಗಿಟ್ಟಳು. ರಕ್ತ ತೆಗೆಯಲು ಅವನ ಹಿಂದೆ ಸಿರಿಂಜು ಹಿಡಿದು ಓಡಿದಳು. ತಾನೇ ಪರೀಕ್ಷೆ ಮಾಡಿದಳು. ರಕ್ತದಲ್ಲಿ ಏನೂ ಇರಲಿಲ್ಲ. ಶಿವಮೊಗ್ಗದ ಡಾಕ್ಟರು ನರದ ಮಾತ್ರೆ ಕೊಟ್ಟರು. ಮಾತ್ರೆ ಕಣ್ಣು ಮುಚ್ಚಿಸಿತು, ಕಾಲನ್ನಲ್ಲ. ಮಲಗಿದವನ ಪಾದಗಳು ಹೊದಿಕೆಯೊಳಗೆ ನಡೆಯುತ್ತಲೇ ಇದ್ದವು. ಅಂಗಾಲು ಒಡೆದು ಹೊಸ ಟೈಲ್ಸಿನ ಮೇಲೆ ಕೆಂಪು ಹೆಜ್ಜೆ ಬಿತ್ತು. ಎಷ್ಟು ಒರೆಸಿದರೂ ಮನೆ ತುಂಬ ಹುಳಿತ ಹಸಿಹಿಟ್ಟಿನ ವಾಸನೆ. ಅದು ಅಡುಗೆಮನೆಯಿಂದ ಬರುತ್ತಿರಲಿಲ್ಲ. ಅವನ ಕಾಲಿನಿಂದ ಬರುತ್ತಿತ್ತು.

“ನನ್ನ ಕಟ್ಟಾಕು ವನಜಾ,” ಎಂದ ಒಂದು ದಿನ, ಬಾಗಿಲು ದಾಟಿ ಹೋಗುತ್ತ. ಇನ್ನೊಂದು ಬಾಗಿಲಿಂದ ಒಳಬಂದು ಮಾತು ಮುಗಿಸಿದ. “ಇಲ್ಲಾಂದ್ರೆ ಎದೆ ಒಡ್ಕೊಂಡು ಸತ್ತೋಗ್ತೀನಿ.”

ಅವಳು ಸೀರೆಯಿಂದ ಅವನನ್ನು ಮಂಚಕ್ಕೆ ಕಟ್ಟಿದಳು. ತೇಗದ ಮಂಚ, ತವರಿನವರು ನಾಲ್ಕು ಜನ ಹೊತ್ತು ತಂದದ್ದು. ಆಸ್ಪತ್ರೆಗೆ ಹೋಗಿ ಮಧ್ಯಾಹ್ನ ಓಡಿ ಬಂದಳು. ಮುಂಬಾಗಿಲು ತೆರೆಯಲಿಲ್ಲ. ಒಳಗಿನಿಂದ ಏನೋ ಅಡ್ಡ ನಿಂತಿತ್ತು. ಕಿಟಕಿಯಿಂದ ಇಣುಕಿದಳು.

ಮಂಚ. ಕೋಣೆಯಲ್ಲಿದ್ದ ಮಂಚ ಬಾಗಿಲಿಗೆ ಬಂದಿತ್ತು. ಟೈಲ್ಸಿನ ಮೇಲೆ ಕೋಣೆಯಿಂದ ಉದ್ದಕ್ಕೂ ಗೀರು. ಮಂಚದ ಮೇಲೆ ಅವನು ಅಂಗಾತ ಬಿದ್ದಿದ್ದ. ಕಣ್ಣು ಮುಚ್ಚಿತ್ತು. ಪಾದಗಳು ಗಾಳಿಯಲ್ಲಿ ಹೆಜ್ಜೆ ಹಾಕುತ್ತಿದ್ದವು. ಹೆಜ್ಜೆಗೊಮ್ಮೆ ಮಂಚ ಬಾಗಿಲಿಗೆ ಗುದ್ದುತ್ತಿತ್ತು. ಧಡ್. ಧಡ್. ಧಡ್.

ವನಜಾಕ್ಷಿ ಕಾಂಪೌಂಡು ಹತ್ತಿ ಇಳಿದು ಕಾಶಮ್ಮನ ಮುಂದೆ ನಿಂತಳು. ಜಗಲಿಯ ಮೇಲೆ ಕಾಶಮ್ಮನ ಮಗ ತಿಪ್ಪೇಶ ಕೂತಿದ್ದ, ಗೋಡೆಗೆ ಒರಗಿ, ಕಾಲು ಚಾಚಿ. ಆ ಕಾಲುಗಳನ್ನು ಅವಳು ಈಗ ನೋಡಿದಳು. ಎರಡು ಬೆರಳಿರಲಿಲ್ಲ. ಅಂಗಾಲು ಸುಟ್ಟ ತೊಗಲಿನಂತಿತ್ತು.

ಅವಳಿಗೆ ನೆನಪಾಯಿತು. ಮನೆ ನೋಡಲು ಬಂದ ದಿನ ಬ್ರೋಕರ್ ತನ್ನ ಬೈಕನ್ನು ಆ ಮೊರದ ಸುತ್ತ ಬಳಸಿ ತಂದು ನಿಲ್ಲಿಸಿದ್ದ. ಅದೇ ದಿನ ಬಡಾವಣೆಯ ರಸ್ತೆಯಲ್ಲಿ ಇದೇ ತಿಪ್ಪೇಶ ಬಿರಬಿರನೆ ನಡೆಯುತ್ತಿದ್ದ. ಇವಳೇ ಹೇಳಿದ್ದಳು, ಪಾಪ, ಶುಗರ್ ಇರ್ಬೇಕು, ವಾಕಿಂಗ್ ಮಾಡ್ತಾವ್ನೆ ಎಂದು.

“ದಾಯಾದಿ ಮಾಟ ಮಾಡಿಸ್ದ ಕಣವ್ವ,” ಎಂದಳು ಕಾಶಮ್ಮ, ಕೇಳುವ ಮೊದಲೇ. “ಇದೆಲ್ಲ ನಮ್ಮ ತೆಂಗಿನ ತೋಟ. ಕಡಿದು ಸೈಟು ಮಾಡ್ದಾಗ ಅವನ ಪಾಲು ಕೊಡ್ಲಿಲ್ಲ ಅಂತ. ಕೂರಾಕೆ ನೆಲ ಸಿಗದಂಗೆ ನಡೀಲಿ ಅಂದ. ನನ್ ಮಗ ನಡೆದ. ಆಮೇಲೆ ನಾನು ಅದನ್ನ ಹಿಟ್ಟಿಗೆ ಇಳಿಸಿ, ಅಲ್ಲಿ ಇಟ್ಟೆ. ಆ ಮನೇಲಿ ಆಗ ಯಾರೂ ಇರ್ಲಿಲ್ಲ. ಮಳೆ ಬಂದ್ರೂ ಕರಗ್ಲಿಲ್ಲ, ಇರುವೆ ಮುತ್ಲಿಲ್ಲ. ಯಾರದಾದ್ರೂ ಕಾಲು ಬೀಳಗಂಟ ಹೋಗಲ್ಲ ಅದು.”

“ನಿಮ್ಗೆ ಗೊತ್ತಿತ್ತು.”

“ಹೇಳ್ದೆನಲ್ಲವ್ವ.”

“ಹೇಳಿದ್ರಿ.”

ಮುದುಕಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಹೇಳ್ದೆ. ಜೋರಾಗಿ ಹೇಳ್ಲಿಲ್ಲ.”

ಗೋಡೆಯಾಚೆಯಿಂದ ಮಂಚದ ಸದ್ದು ಕೇಳುತ್ತಲೇ ಇತ್ತು. ವನಜಾಕ್ಷಿ ಬಯ್ಯಲಿಲ್ಲ. ಬಯ್ಯಲು ಹೊತ್ತಿರಲಿಲ್ಲ. “ಹೆಂಗೆ ಇಳಿಸೋದು, ಅದನ್ನ ಹೇಳಿ,” ಎಂದಳು.

ಹಿತ್ತಲ ಬಾಗಿಲಿಂದ ಒಳಹೋಗಿ, ಕಾಶಮ್ಮ ಹೇಳಿದಂತೆ ಅವನ ಕಾಲು ತೊಳೆದ ನೀರಿನಲ್ಲಿ ಹಿಟ್ಟು ಕಲಸಿದಳು. ಮೊರದಲ್ಲಿ ಪಾದ ತಿದ್ದಿದಳು. ಗಂಡನ ಕಿರುಬೆರಳು ತುಸು ಒಳಗೆ ಬಾಗಿದೆ. ಹಾಗೇ ಬಾಗಿಸಿದಳು. ಮುಳ್ಳು ಚುಚ್ಚುವಾಗ ಮಂಚದ ಮೇಲಿದ್ದವನು ಚೀರಿದ. ಮೊರವನ್ನು ಸೆರಗಿನಲ್ಲಿ ಮುಚ್ಚಿ ಹೊರಟಳು. ತನ್ನ ಗೇಟಿನ ಮುಂದೆ ಇಡುವಂತಿಲ್ಲ. ಕಾಶಮ್ಮನ ಮುಂದೆಯೂ ಇಡಲಾಗಲಿಲ್ಲ. ರೈಲು ಹಳಿಯ ಆಚೆ ಹೊಸದಾಗಿ ಕಲ್ಲು ನೆಟ್ಟ ಬಡಾವಣೆಯಿದೆ, ಬರೀ ಕಲ್ಲು, ಮನೆಯಿಲ್ಲ, ಜನವಿಲ್ಲ. ಅಲ್ಲಿಗೆ ನಡೆದಳು. ಸಂಜೆಯ ಬಿಸಿಲು ಕೆಂಪಾಗಿತ್ತು. ಕಡಿದ ತೆಂಗಿನ ಬುಡಗಳಿಂದ ಕೊಳೆತ ವಾಸನೆ ಏಳುತ್ತಿತ್ತು. ಸೆರಗಿನೊಳಗಿನ ಮೊರ ಬರಬರುತ್ತ ಬೆಚ್ಚಗಾಯಿತು.

ಮೂರು ರಸ್ತೆ ಸೇರುವಲ್ಲಿ, ಮೂಲೆಯ ಸೈಟಿನ ಕಲ್ಲಿನ ಬಳಿ, ಮೊರ ಇಳಿಸಿದಳು.

ಯಾರದಾದರೂ ಕಾಲು ಬೀಳಬೇಕು. ಅವಳು ಚಪ್ಪಲಿ ಬಿಟ್ಟಳು. ಕಾಲು ಎತ್ತಿದಳು. ಹಿಟ್ಟಿನ ಬಿಸಿ ಅಂಗಾಲಿಗೆ ಬಡಿಯಿತು. ಟೈಲ್ಸಿನ ಮೇಲಿನ ಕೆಂಪು ಹೆಜ್ಜೆ ಕಣ್ಣಿಗೆ ಬಂತು, ತಿಪ್ಪೇಶನ ಇಲ್ಲದ ಬೆರಳು ಬಂತು. ಎತ್ತಿದ ಕಾಲು ಮೊರದ ಪಕ್ಕದ ಮಣ್ಣಿಗೆ ಇಳಿಯಿತು.

ಹಿಂದೆ ಬೈಕು ನಿಂತ ಸದ್ದು. ಹೊಸದಾಗಿ ಮದುವೆಯಾದವರಂತಿದ್ದ ಗಂಡ ಹೆಂಡತಿ. ಹುಡುಗಿಯ ಕೈಯಲ್ಲಿ ಅಳತೆ ಟೇಪು.

“ಅಕ್ಕಾ, ಇಲ್ಲೇನಾ ನಿಮ್ದೂ ಸೈಟು?” ಎಂದಳು ಹುಡುಗಿ ನಗುತ್ತ. “ನಾವು ಅಜ್ಜಂಪುರದವ್ರು. ನಾನು ಪ್ರಿಯಾಂಕಾ, ಇವ್ರು ಹಾಲೇಶ್. ಆ ಮೂಲೆದು ನೋಡೋಣ ಅಂತ ಬಂದ್ವಿ. ಬಾಡಿಗೆ ಮನೆ ಸಾಕಾಗೋಗೈತೆ ಅಕ್ಕ.”

“ಮಾತು ಆಮೇಲಾಡು. ಟೇಪ್ ಹಿಡಿ, ಹೊತ್ತು ಮುಳುಗ್ತೈತೆ,” ಎಂದ ಹಾಲೇಶ್. ಟೇಪಿನ ಡಬ್ಬಿ ಅವಳಿಗೆ ಕೊಟ್ಟು, ತುದಿಯನ್ನು ತಾನು ಹಿಡಿದ. ಹಿಂದೆ ಹಿಂದೆ ನಡೆಯತೊಡಗಿದ. “ಇಲ್ಲಿ ಹಾಲ್. ಇಲ್ಲಿ ಅಡುಗೆಮನೆ. ಇಲ್ಲಿ ಜಗಲಿ ಮಾಡೋಣ, ಸಂಜೆ ಕೂತ್ಕೊಳಾಕೆ.”

ಅವನ ಬೆನ್ನು ರಸ್ತೆಯ ಕಡೆ. ಹಿಮ್ಮಡಿ ಮೊರದ ಕಡೆ. ರಬ್ಬರ್ ಚಪ್ಪಲಿ, ಒಂದು ಹೆಜ್ಜೆಗೆ ಕಳಚಿಕೊಂಡು ಅಲ್ಲೇ ಉಳಿಯಿತು. ಅವನು ಗಮನಿಸಲಿಲ್ಲ. ದೂರದಲ್ಲಿ ರೈಲು ಕೂಗಿತು. ವನಜಾಕ್ಷಿ ಬಾಯಿ ತೆರೆದಳು. ಒಂದು ಕೂಗು ಸಾಕಿತ್ತು. ಒಂದೇ ಕೂಗು.

“ನೋಡ್ಕೊಂಡಪ್ಪಾ,” ಎಂದಳು. “ಅಲ್ಲಿ ಏನೋ ಐತೆ.”

ಮೆಲ್ಲಗೆ ಹೇಳಿದಳು. ರೈಲು ಹಾದುಹೋಯಿತು. ನೆಲ ನಡುಗಿತು. ಧೂಳು ಎದ್ದಿತು. ಗಾಡಿಯ ಕೊನೆಯ ಡಬ್ಬಿ ದಾಟಿದಾಗ ಫೋನು ಹೊಡೆದುಕೊಳ್ಳುತ್ತಿತ್ತು.

“ವನಜಾ.” ಚಂದ್ರಕುಮಾರನ ದನಿ ಕಿತ್ತುಹೋಗಿತ್ತು. “ಕಟ್ಟು ಬಿಚ್ಕೊಂಡೆ. ಕೂತಿದೀನಿ ಕಣೇ. ಬೆತ್ತದ ಕುರ್ಚಿ ಮೇಲೆ ಕೂತಿದೀನಿ. ಎಲ್ಲಿದೀಯಾ ನೀನು?”

“ಬತ್ತೀನಿ,” ಎಂದಳು.

“ರೀ, ಸಾಕು ನಿಲ್ರೀ, ಕಲ್ಲು ಮುಗೀತು,” ಎಂದು ಪ್ರಿಯಾಂಕಾ ನಗುತ್ತಿದ್ದಳು. ಹಾಲೇಶ್ ಬೆನ್ನು ತಿರುಗಿಸಿ ರಸ್ತೆಗುಂಟ ನಡೆಯುತ್ತಿದ್ದ. ಟೇಪು ಪೂರ್ತಿ ಬಿಚ್ಚಿ ಬಿಗಿಯಾಯಿತು. ಡಬ್ಬಿ ಅವಳ ಕೈಯಿಂದ ಕಿತ್ತು ನೆಲಕ್ಕೆ ಬಿದ್ದು, ಧೂಳಿನಲ್ಲಿ ಕುಣಿಯುತ್ತ ಅವನ ಹಿಂದೆ ಹೋಯಿತು.