ಒಂದೂವರೆ ಪಟ್ಟು ಹೀರಿದ ಎಲೆ

"ನೀನಾ?!"

ಪ್ರಯೋಗಾಲಯದ ಬಾಗಿಲಲ್ಲಿ ನಿಂತವನನ್ನು ಕಂಡು ಅವಳ ಮೈಯೆಲ್ಲ ಉರಿದುಹೋಯಿತು.

ಎರಡು ವರ್ಷದ ಹಿಂದೆ, ತುಂಬಿದ ಸಭೆಯಲ್ಲಿ ಎದ್ದು "ಈ ಅಂಕಿಗಳು ತಪ್ಪು" ಎಂದವನು ಇವನೇ. ಗಾಳಿಯ ಇಂಗಾಲವನ್ನು ಒಂದೂವರೆ ಪಟ್ಟು ಹೆಚ್ಚು ಹಿಡಿದು ಸಕ್ಕರೆ ಕಟ್ಟುವ ಎಲೆ ಸಿಕ್ಕಿತೆಂದು ಅವಳು ಹಿಗ್ಗಿದ್ದಳು. ಅವನ ಆ ಒಂದು ಮಾತಿಗೆ ಎಲ್ಲ ಮಣ್ಣುಪಾಲಾಯಿತು. ಆಮೇಲೆ ಅವನು ಬರೆದ ಮೂರು ಪತ್ರಗಳನ್ನು ಒಡೆಯದೆಯೇ ಹರಿದು ಎಸೆದಿದ್ದಳು.

ಇವತ್ತು ಅವನ ಸಂಶೋಧನೆಗೆ ಸಹಿ ಹಾಕಬೇಕಾದವಳು ಅವಳು!

"ಅಳತೆ ಪುಸ್ತಕ ಕೊಡು. ಒಂದೇ ಒಂದು ತಪ್ಪು ಸಿಗಲಿ... ಸಹಿ ಮರೆತುಬಿಡು."

"ಕೊನೇ ಪುಟದವರೆಗೂ ಓದ್ತೀಯಾ?" ಅವನ ದನಿ ನಡುಗಿತು.

'ಹೆದರಿದ್ದಾನೆ! ಹೆದರಲಿ, ನನ್ನ ಹೊಟ್ಟೆ ತಣ್ಣಗಾಗಲಿ...'

ಕೆಂಪು ಪೆನ್ನು ಹಿಡಿದು ಕೂತಳು. ನಲವತ್ತು ಪುಟ ತಿರುವಿದರೂ ಹುಳುಕೇ ಇಲ್ಲ. ಕೊನೆಯ ಪುಟದಲ್ಲಿ ಅವಳದೇ ಹಳೆಯ ಪ್ರಯೋಗ! ಅದೇ ಎಲೆ, ಅದೇ ಗಾಜಿನ ಡಬ್ಬಿ, ಅದೇ ಯಂತ್ರ.

'ಪಕ್ಕದ ಕುರ್ಚಿ ಖಾಲಿ: ಎಲೆ ಸಾಧಾರಣ. ಕುರ್ಚಿಯಲ್ಲಿ ನಾನು: ಒಂದೂವರೆ ಪಟ್ಟು.'

ಅವಳ ಕೈ ನಿಂತಿತು. ಡಬ್ಬಿಗೆ ಗಾಳಿ ಎಳೆಯುವ ಪೈಪಿನ ಬಾಯಿ ಇದ್ದದ್ದು ಆ ಕುರ್ಚಿಯ ಹತ್ತಿರವೇ. "ಯಂತ್ರ ನೋಡೋಕೆ ಬಂದೆ" ಎಂದು ಆಗ ಅವನು ದಿನಾ ಬಂದು ಕೂರುತ್ತಿದ್ದದ್ದೂ ಅಲ್ಲೇ. ಕೋಣೆಯ ಗಾಳಿ ಸದಾ ಒಂದೇ ಸಮ ಎಂದು ನಂಬಿ, ಒಳಬರುವ ಗಾಳಿಯನ್ನು ಅವಳು ಅಳೆದೇ ಇರಲಿಲ್ಲ. ಎಲೆಗೇನು ಗೊತ್ತು ಪಾಪ? ಇಂಗಾಲ ಹೆಚ್ಚು ಸಿಕ್ಕಿತು, ಹೆಚ್ಚು ಹಿಡಿಯಿತು.

"ಅದು ಹೀರಿದ್ದು ನನ್ನ ಉಸಿರನ್ನ," ಎಂದ ಅವನು. "ಸಭೇಲಿ ನೀನು ಯಂತ್ರದ ಚಿತ್ರ ತೋರಿಸಿದಾಗ್ಲೇ ಹೊಳೀತು."

"ಕಾರಣ ಅಲ್ಲೇ ಹೇಳ್ಬಹುದಿತ್ತಲ್ಲ!"

"ದಿನಾ ಅಲ್ಲಿ ಯಾಕೆ ಕೂತಿದ್ದೆ ಅಂತ ಕೇಳಿದ್ರೆ? ಅಷ್ಟು ಜನರ ಮುಂದೆ... ನಿನ್ನನ್ನ ಪ್ರೀತಿಸ್ತೀನಿ ಅನ್ಲಾ? ಪತ್ರದಲ್ಲಿ ಬರೆದೆ. ಮೂರರಲ್ಲೂ."

ಅವಳ ಕಣ್ಣು ತುಂಬಿತು. ಎರಡು ವರ್ಷ ಕಾಪಿಟ್ಟ ಸೇಡು ಅಷ್ಟು ಸುಲಭಕ್ಕೆ ಬಿಡುತ್ತದೆಯೇ! 'ಕುರ್ಚಿಯಲ್ಲಿ ನಾನು' ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಳು.

"ಸಿಕ್ತು ತಪ್ಪು! ಇಲ್ಲಿ ಯಾವುದನ್ನೇ ಆದ್ರೂ ಮೂರು ಸಲ ಅಳೀಬೇಕು. ನೀನು ಒಂದೇ ಸಲ ಕೂತಿದ್ದೀಯ."

"ಅಂದ್ರೆ... ಸಹಿ ಇಲ್ವಾ?"

ಅವಳು ತನ್ನ ಹಳೆಯ ಯಂತ್ರದ ಪೈಪನ್ನು ಅವನ ಉಸಿರು ತಾಗದಂತೆ ಕಿಟಕಿಯಾಚೆ ಇಟ್ಟು, ಕುರ್ಚಿಯನ್ನು ತನ್ನ ಪಕ್ಕಕ್ಕೆ ಎಳೆದಳು.

"ಕೂತ್ಕೋ. ನನ್ನನ್ನ ಎರಡು ವರ್ಷ ಅಳಿಸಿದ್ದಕ್ಕೆ ಶಿಕ್ಷೆ."

"ಎಷ್ಟು ದಿನ?"

"ನಾನು ಎದ್ದೇಳು ಅನ್ನೋವರೆಗೆ... ಅನ್ನಲ್ಲ, ಕೂತಿರು."