ಫೋಟೋದಲ್ಲಿದ್ದ ಬೆನ್ನು

ಶನಿವಾರ ಬೆಳಗ್ಗೆ ಅಪ್ಪನ ಅಡುಗೆಮನೆಗೆ ಕಾಲಿಟ್ಟಾಗ ಅವನು ಎರಡೂ ಕೈಯಲ್ಲಿ ಫೋನ್ ಹಿಡಿದು ಬಾಯಿ ತೆರೆದುಕೊಂಡು ನಿಂತಿದ್ದ. ಒಲೆಯ ಮೇಲೆ ಬೇಕನ್ ಕರಕಲಾಗುತ್ತಿತ್ತು.

"ಅಪ್ಪಾ, ಸುಡ್ತಿದೆ!"

"ಸುಡ್ಲಿ ಬಿಡೇ. ಇಲ್ಲಿ ಬಾ, ಇದನ್ನ ನೋಡು. ನಮ್ಮ ತಂಡದ ಗ್ರಹಚಾರ ಬಿಡ್ತು!"

ನೋಡಿದೆ. ಮೇನ್ ಸ್ಟ್ರೀಟಿನ ಡೈನರ್, ಕಿಟಕಿಯ ಆಚೆಯಿಂದ ಯಾರೋ ಕದ್ದು ತೆಗೆದ ಫೋಟೋ. ನಮ್ಮ ಕಾಲೇಜಿನ ವಾಲಿಬಾಲ್ ತಂಡದ ಅಸಿಸ್ಟೆಂಟ್ ಕೋಚ್ ಡೇನ್ ಕಲಾಮಾ ನಗುತ್ತಾ ಕೂತಿದ್ದ. ಅವನೆದುರು, ಕ್ಯಾಮೆರಾಗೆ ಬೆನ್ನು ಹಾಕಿ, ಉದ್ದನೆಯ ಒಬ್ಬ ಹುಡುಗಿ. ಎತ್ತಿ ಕಟ್ಟಿದ ಜುಟ್ಟು, ಅಗಲವಾದ ಹೆಗಲು. ಸ್ವೆಟ್‌ಶರ್ಟಿನ ಹಿಂಭಾಗದಲ್ಲಿ ಟೆಕ್ಸಾಸಿನ ಹೆಸರಾಂತ ವಾಲಿಬಾಲ್ ಕ್ಲಬ್ಬೊಂದರ ಹೆಸರು.

ಆ ಬೆನ್ನು ನನ್ನದು.

"ಟೆಕ್ಸಾಸಿನ ಹೈಸ್ಕೂಲ್ ಹುಡುಗಿ ಅಂತ ನಾನಾಗ್ಲೇ ಬರ್ದು ಹಾಕಿದೀನಿ, ಆರಡಿ ಎರಡಿಂಚಿಗೆ ಕಮ್ಮಿ ಇಲ್ಲ," ಅಪ್ಪ ಫೋಟೋವನ್ನು ಬೆರಳಿನಿಂದ ಹಿಗ್ಗಿಸುತ್ತಿದ್ದ. "ಚಮಚ ಯಾವ ಕೈಲಿದೆ ನೋಡು. ಎಡಗೈ! ಬಲಗಡೆ ಮೂಲೆಯಿಂದ ಇವಳು ಎಗರಿ ಹೊಡೆದ್ರೆ ಎದುರಿಗಿರೋರು ಕಣ್ ಕಣ್ ಬಿಡಬೇಕು. ಆ ಹೆಗಲು ನೋಡೇ ಗ್ರೆಟಾ! ಇಂಥ ಹೆಗಲು ಹತ್ತು ವರ್ಷಕ್ಕೊಂದು ಹುಟ್ಟುತ್ತೆ."

ನಾನು ಎಡಗೈಯಲ್ಲಿ ಕಾಫಿ ಕಪ್ ಹಿಡಿದುಕೊಂಡೇ ನಿಂತಿದ್ದೆ. ಹೆತ್ತಪ್ಪ ಅನ್ನಿಸಿಕೊಂಡ ಮನುಷ್ಯನಿಗೆ ಅದು ಕಣ್ಣಿಗೇ ಬೀಳಲಿಲ್ಲ.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಲುಮಿರ್ ವಾವ್ರಾ ಹೊಟ್ಟೆಪಾಡಿಗೆ ಜೋಳದ ಬಿತ್ತನೆ ಬೀಜ ಮಾರುತ್ತಾನೆ, ಬದುಕುವುದು ಮಾತ್ರ ವಾಲಿಬಾಲಿಗೆ. ನೆಬ್ರಾಸ್ಕಾದಲ್ಲಿ ಇದು ಕಾಯಿಲೆಯಲ್ಲ, ಎಲ್ಲರಿಗೂ ಇರುವುದೇ. ಯಾವ ಹೈಸ್ಕೂಲ್ ಹುಡುಗಿ ಯಾವ ಕಾಲೇಜಿಗೆ ಒಪ್ಪಿಕೊಳ್ಳುತ್ತಾಳೆ, ಮುಂದಿನ ವರ್ಷ ತಂಡದಲ್ಲಿ ಯಾರಿಗೆ ಜಾಗ, ಯಾರಿಗೆ ಬೆಂಚು ಎಂದು ಅಭಿಮಾನಿಗಳ ವೆಬ್‌ಸೈಟಿನಲ್ಲಿ ಅವನೂ ಅವನಂಥವರೂ ಜುಟ್ಟು ಹಿಡಿದು ಜಗಳವಾಡುತ್ತಾರೆ. ಅಲ್ಲಿ 'ಹಳೇ ಲೂಮಿ' ಅಂದರೆ ದೊಡ್ಡ ತಲೆ. ಹಿತ್ತಲ ಬಾಗಿಲ ಪಕ್ಕ ಅವನ ತಾತನ ಕಾಲದ ಹಸುವಿನ ಗಂಟೆ ನೇತಾಡುತ್ತದೆ. ಯಾವ ಹುಡುಗಿ ನಮ್ಮ ಕಾಲೇಜಿಗೆ ಆಡುತ್ತೇನೆಂದು ಮಾತು ಕೊಟ್ಟು ಕಮಿಟ್ ಆದರೂ ಅಪ್ಪ ಹೊರಗೆ ಬಂದು ಆ ಗಂಟೆ ಬಾರಿಸುತ್ತಾನೆ. ಆಗ ಬೀದಿಯವರೆಲ್ಲ ಕಿಟಕಿ ತೆಗೆದು "ಯಾರು ಲೂಮಿ, ಯಾರು?" ಎಂದು ಕೇಳುತ್ತಾರೆ.

ನಾನು ಹದಿನೇಳರಲ್ಲಿ ಹೈಸ್ಕೂಲ್ ತಂಡಕ್ಕೆ ಆಡುತ್ತಿದ್ದಾಗ ಅದೇ ಗಂಟೆಯನ್ನು ಅವನು ತಿಕ್ಕಿ ತಿಕ್ಕಿ ಫಳಫಳ ಮಾಡಿಟ್ಟಿದ್ದ. ಯಾವ ಕಾಲೇಜಿನಿಂದಲೂ ಫೋನ್ ಬರಲಿಲ್ಲ. "ನಿಂಗೆ ಕಾಲು ಚುರುಕಿಲ್ಲ ಕಣೆ, ಬಿಡು," ಅಂದಿದ್ದ ಅಪ್ಪ. ನಾನು ಬಿಟ್ಟೆ, ಓದಿ ಪ್ರಾಣಿಗಳ ಡಾಕ್ಟರಾದೆ. ಅದರ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಲಿಲ್ಲ.

ಅಪ್ಪ ಈಗ ಹಿತ್ತಲ ಬಾಗಿಲು ತೆಗೆದು ಗಂಟೆಯ ಹಗ್ಗಕ್ಕೆ ಕೈ ಹಾಕಿ ಹಿಂದಕ್ಕೆ ತೆಗೆದ.

"ಬಾರಿಸೋ ಹಾಗಿಲ್ಲವಲ್ಲೇ. ಇದು ಡೆಡ್ ಪಿರಿಯಡ್. ಈಗ ಕೋಚ್‌ಗಳು ಯಾವ ಹೈಸ್ಕೂಲ್ ಹುಡುಗೀನೂ ಎದುರಾ ಎದುರು ಕಾಣೋ ಹಾಗಿಲ್ಲ, ಊಟ ಗೀಟ ಅಂತೂ ಕೇಳ್ಲೇಬೇಡ. ಪಕ್ಕದ ರಾಜ್ಯದೋರು ಆಗ್ಲೇ ದೂರು ಕೊಡ್ತೀವಿ ಅಂತ ಕುಣೀತಿದಾರೆ. ಈ ಡೇನ್‌ಗೆ ಬುದ್ಧಿ ಎಲ್ಲಿ ಹೋಗಿತ್ತು? ಕೆಲಸ ಹೋಗುತ್ತೆ ಅವನಿಗೆ!"

'ಅದು ನಾನೇ ಅಪ್ಪ' ಎಂಬ ಮಾತು ನಾಲಿಗೆ ತುದಿಗೆ ಬಂತು. ಅಂದುಬಿಟ್ಟರೆ ಮುಂದಿನ ಪ್ರಶ್ನೆ 'ಕೋಚ್ ಜೊತೆ ನಿಂಗೇನು ಕೆಲಸ?' ಅಂತ. ಅದಕ್ಕೆ ಉತ್ತರ ನನಗೇ ಗೊತ್ತಿರಲಿಲ್ಲ.

ಡೇನ್ ಹವಾಯಿಯವನು. ಹಿಮ ಕಂಡರಾಗದು. ಚಳಿಗಾಲದ ಮೊದಲ ವಾರ ಅವನ ಮುದಿ ನಾಯಿ ಪೋಯ್‌ಗೆ ಪಾದ ಒಡೆದು, ಅದನ್ನು ಮಗುವಿನ ಹಾಗೆ ಎತ್ತಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದಿದ್ದ. ನನ್ನ ಭುಜದ ಹತ್ತಿರಕ್ಕೆ ಬರುವ ಮನುಷ್ಯ. ತಲೆಯೆತ್ತಿ ನನ್ನನ್ನು ನೋಡಿ, "ಡಾಕ್ಟ್ರೇ, ನೀವು ಆಡ್ತಿದ್ರಾ?" ಎಂದು ಕೇಳಿದ. ಎತ್ತರದವರನ್ನು ಕಂಡರೆ ಎಲ್ಲರೂ ಕೇಳುವ ಪ್ರಶ್ನೆಯೇ. "ಯಾರೂ ಕರೀಲಿಲ್ಲ," ಅಂದೆ. ಅವನು ಅಯ್ಯೋ ಅನ್ನಲಿಲ್ಲ. "ಅವರಿಗೆ ಕಣ್ಣಿರ್ಲಿಲ್ಲ ಬಿಡಿ," ಅಂದು ನಾಯಿಯ ಕಿವಿ ತುರಿಸಿದ.

ಆಮೇಲೆ ಪೋಯ್ ವಾಸಿಯಾದರೂ ಅವನು ಬರುತ್ತಲೇ ಇದ್ದ. ಒಂದು ದಿನ ಉಗುರು ಕತ್ತರಿಸಬೇಕು, ಇನ್ನೊಂದು ದಿನ ಅದು ಯಾಕೋ ಮಂಕಾಗಿದೆ. ನಾಯಿ ಮೇಜಿನ ಮೇಲೆ ಬಾಲ ಬಡಿಯುತ್ತಾ ನಮ್ಮಿಬ್ಬರನ್ನೂ ನೋಡುತ್ತಿತ್ತು. ಮಂಕಾಗಿದ್ದವರು ಯಾರು ಅಂತ ಅದಕ್ಕೆ ಗೊತ್ತಿತ್ತೇನೋ.

ಮೊನ್ನೆ ಗುರುವಾರ ಸಂಜೆ "ಚಿಲಿ ತಿನ್ನೋಕೆ ಬರ್ತೀರಾ?" ಅಂದ. ಆ ಹೊತ್ತಿಗೆ ಸರಿಯಾಗಿ ಒಂದು ಲ್ಯಾಬ್ರಡಾರ್ ನನ್ನ ಅಂಗಿಯ ಮೇಲೆ ವಾಂತಿ ಮಾಡಿತ್ತು. ನಾಯಿಗಳಿಗೆ ಹಾಸಲೆಂದು ಜನ ಕೊಟ್ಟ ಹಳೇ ಬಟ್ಟೆಗಳ ಪೆಟ್ಟಿಗೆಯಿಂದ ಕೈಗೆ ಸಿಕ್ಕ ಸ್ವೆಟ್‌ಶರ್ಟ್ ಎಳೆದು ಹಾಕಿಕೊಂಡೆ. ಅದರ ಬೆನ್ನಲ್ಲಿ ಏನು ಬರೆದಿದೆ ಎಂದು ಯಾರು ನೋಡುತ್ತಾರೆ?

ಡೈನರಿನಲ್ಲಿ ಮಾಂಸ, ಕಾಳು ಹಾಕಿದ ಖಾರದ ಚಿಲಿಯ ಜೊತೆ ದಾಲ್ಚಿನ್ನಿ ಬನ್ನು, ಸಿನಮನ್ ರೋಲ್ ಬಂತು. ಅವನು ಹುಬ್ಬು ಹಾರಿಸಿದ.

"ಖಾರದ ಜೊತೆ ಸಿಹಿ ಬನ್ನಾ? ನಿಮ್ಮ ಜನಕ್ಕೆ ಏನಾಗಿದೆ?"

"ಅದ್ದಿ ತಿನ್ನಿ ಕೋಚ್. ಸುಮ್ನೆ ಮಾತಾಡ್ಬೇಡಿ."

ಅದ್ದಿ ತಿಂದ. ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಬನ್ನನ್ನು ನೋಡಲಿಲ್ಲ, ನನ್ನನ್ನೇ ನೋಡಿದ. ನಾನು ನಾಚಿಕೆಯಿಂದ ಚಿಲಿಯ ಬಟ್ಟಲಿನೊಳಗೆ ಮುಖ ಇಟ್ಟೆ. ಹೊರಡುವಾಗ ನನ್ನ ಟ್ರಕ್ಕಿನ ಗಾಜಿನ ಮೇಲಿನ ಹಿಮವನ್ನೆಲ್ಲ ಅವನೇ ಕೆರೆದ. ಗಾಜು ಪೂರ್ತಿ ಸ್ವಚ್ಛವಾದ ಮೇಲೂ ಕೆರೆಯುತ್ತಲೇ ಇದ್ದ. ಕೊನೆಗೆ "ಸರಿ ಹಾಗಾದ್ರೆ," ಅಂದ. ನಾನೂ "ಸರಿ ಹಾಗಾದ್ರೆ," ಅಂದೆ. ಅಷ್ಟೇ ನಡೆದದ್ದು. ಇದನ್ನು ಡೇಟ್ ಅನ್ನುತ್ತಾರೋ ನಾಯಿಯ ಸೇವೆಗೆ ಕೊಡಿಸಿದ ಊಟ ಅನ್ನುತ್ತಾರೋ, ನೀವೇ ಹೇಳಿ.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸಿಡಿಲು ಬಡಿಯಿತು. ಪಶ್ಚಿಮದ ಹಳ್ಳಿಯೊಂದರ ಹುಡುಗಿ ಮೇಯ್ಲಿ ಡ್ರೆಷರ್ ಬೇಸಿಗೆಯಲ್ಲೇ ನಮ್ಮ ಕಾಲೇಜಿಗೆ ಮಾತು ಕೊಟ್ಟಿದ್ದಳು. ಅವಳದ್ದೂ ಬಲಗಡೆ ಮೂಲೆಯ ಆಟ. ಫೋಟೋ ನೋಡಿ, ತನ್ನ ಜಾಗ ಹೋಯಿತೆಂದುಕೊಂಡು, ತನ್ನ ಪೇಜಿನಿಂದ ನಮ್ಮ ಕಾಲೇಜಿನ ಹೆಸರು ಅಳಿಸಿಬಿಟ್ಟಿದ್ದಳು. ಅವಳನ್ನು ಒಪ್ಪಿಸಿದ್ದು ಡೇನ್. ಅವರ ಕೊಟ್ಟಿಗೆಯಲ್ಲಿ ಕರು ಹಾಕುತ್ತಿದ್ದ ಹಸುವಿನ ಪಕ್ಕ ಕೂತು ಅವಳಪ್ಪನ ಹತ್ತಿರ ಮಾತಾಡಿದ್ದನಂತೆ.

ನನ್ನ ಫೋನ್ ಬಡಿದುಕೊಂಡಿತು. ಹಿತ್ತಲಿಗೆ ಓಡಿದೆ.

"ಡಾಕ್ಟ್ರೇ," ಅವನ ದನಿ ಬತ್ತಿಹೋಗಿತ್ತು. "ನೋಡಿದ್ರಾ?"

"ನೋಡ್ದೆ. ನಾನು ಅಂತ ಹೇಳ್ಬಾರದಿತ್ತಾ?"

"ನಿಮ್ಮನ್ನ ಕೇಳ್ದೆ ಹೆಂಗೆ ಹೇಳ್ಲಿ? ಊರಿಗೆ ಊರೇ ನಿಮ್ಮ ಕ್ಲಿನಿಕ್ ಮುಂದೆ ಬಂದು ನಿಲ್ಲುತ್ತೆ. ಯಾರು ಅಂತ ಹೇಳೋವರೆಗೂ ಜಿಮ್ ಕಡೆ ತಲೆ ಹಾಕ್ಬೇಡ ಅಂದಿದಾರೆ ಹೆಡ್ ಕೋಚ್. ಹೆಸರಷ್ಟೇ ಸಾಲ್ದಂತೆ. ನಂಗೆ ಏನಾಗ್ಬೇಕು ಅಂತನೂ ಹೇಳ್ಬೇಕಂತೆ. ಏನಂತ ಹೇಳ್ಲಿ?"

ಅವನು ಕೇಳುತ್ತಿರುವುದು ನನ್ನ ಮನಸ್ಸನ್ನೋ, ತನ್ನ ನೌಕರಿ ಉಳಿಸುವ ಉಪಾಯವನ್ನೋ? ಹದಿನೇಳರಲ್ಲಿ ಫೋನಿನ ಪಕ್ಕ ಕೂತು ಮರ್ಯಾದೆ ಕಳೆದುಕೊಂಡದ್ದು ಸಾಕಾಗಿತ್ತು.

"ನಾಯಿ ಡಾಕ್ಟ್ರು ಅಂತ ಹೇಳಿ."

"ಅಷ್ಟೇನಾ?"

"ಮತ್ತೇನು?"

"ಸರಿ ಡಾಕ್ಟ್ರೇ." ಫೋನ್ ಇಟ್ಟ. ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ಒಳಗೆ ಬಂದಾಗ ಅಪ್ಪ ಸುಟ್ಟ ಬೇಕನ್ನನ್ನೇ ತಿನ್ನುತ್ತಾ ಫೋನ್ ಓದುತ್ತಿದ್ದ. ಸ್ವಲ್ಪ ಹೊತ್ತಿನಲ್ಲೇ ಗಹಗಹಿಸಿ ನಕ್ಕ.

"ಕೇಳೇ ಇಲ್ಲಿ! ಆ ಹುಡುಗಿ ಯಾರೋ ನಾಯಿ ಡಾಕ್ಟ್ರು ಅಂತ ಕಾಲೇಜಿನೋರು ಹೇಳಿದಾರಂತೆ. ಒಬ್ನಾದ್ರೂ ನಂಬಿದಾನಾ ಅಂತೀಯ? ಇಲ್ಲೊಬ್ಬ ಬರ್ದಿದಾನೆ, 'ನಾಯಿ ಡಾಕ್ಟರನ್ನ ಯಾವನಾದ್ರೂ ಹಿಂಗೆ ನೋಡ್ತಾನಾ? ಐದು ವರ್ಷದಿಂದ ಕಪ್ ಗೆಲ್ಲದವನು ಕಪ್ ನೋಡೋ ಹಾಗೆ ನೋಡ್ತಿದಾನೆ' ಅಂತ."

ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡೆ. ಬೆಳಗ್ಗೆಯಿಂದ ಆ ಫೋಟೋದಲ್ಲಿ ನನ್ನ ಬೆನ್ನನ್ನೇ ನೋಡುತ್ತಿದ್ದೆ. ಈಗ ಅವನ ಮುಖ ನೋಡಿದೆ. ಕೈಯಲ್ಲಿ ಅರ್ಧ ಕಡಿದ ಬನ್, ಗಲ್ಲದ ಮೇಲೆ ಸಕ್ಕರೆ, ಕಣ್ಣಿನ ತುಂಬ ನಾನು. ನಾನು ಬಟ್ಟಲಿನೊಳಗೆ ಮುಖ ಇಟ್ಟಿದ್ದ ಆ ಕ್ಷಣದ ಫೋಟೋ. ತಲೆಯೆತ್ತಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಫೋನನ್ನು ಅಪ್ಪನ ಮುಂದೆ ಹಿಡಿದೆ.

"ಅಪ್ಪಾ, ಅದು ನಾನು."

"ಯಾವುದು?"

"ಆ ಹುಡುಗಿ."

ಅಪ್ಪ ನಕ್ಕ. ಆಮೇಲೆ ನಗು ನಿಲ್ಲಿಸಿದ. "ತಿರುಗು," ಅಂದ. ತಿರುಗಿ ನಿಂತೆ.

"ದೇವರೇ," ಅಂದ ಮೆಲ್ಲಗೆ. "ಈ ಬೆನ್ನು ಇಷ್ಟು ವರ್ಷ ಇದೇ ಸಿಂಕಿನ ಮುಂದೆ ನಿಂತು ನನ್ನ ತಟ್ಟೆ ತೊಳೀತಿತ್ತಲ್ಲೇ."

ನಾನು ತಿರುಗಿದಾಗ ಅವನ ಗಲ್ಲ ಅದುರುತ್ತಿತ್ತು. "ಕಾಲು ಚುರುಕಿಲ್ಲ ಅಂದಿದ್ದೆ ನಾನು."

"ಅದು ನಿಜಾನೇ ಅಪ್ಪ. ಕಾಲು ಚುರುಕಿರಲಿಲ್ಲ."

"ಇರ್ಲಿ ಬಿಡೇ! ಹೆಗಲು ನೋಡ್ಬೇಕಿತ್ತು ನಾನು." ಕಣ್ಣೊರೆಸಿಕೊಂಡು ಕೈ ಚಾಚಿದ. "ಕೊಡು ಫೋನು. ಆ ಕತ್ತೆಗಳಿಗೆ ನಾನೇ ಬರೀತೀನಿ."

"ಬೇಡ. ನಾನು ಬರೀತೀನಿ."

ಹಳೇ ಲೂಮಿಯ ಹೆಸರಿನಲ್ಲೇ ಬರೆದೆ. 'ನಾನು ಲೂಮಿಯ ಮಗಳು, ಡಾಕ್ಟರ್ ಗ್ರೆಟಾ ವಾವ್ರಾ. ಫೋಟೋದಲ್ಲಿರುವ ಬೆನ್ನು ನನ್ನದು. ವಯಸ್ಸು ಇಪ್ಪತ್ತೆಂಟು, ಕಾಲೇಜಿಗೆ ಆಡುವ ಅರ್ಹತೆ ಯಾವಾಗಲೋ ಮುಗಿದಿದೆ. ಸ್ವೆಟ್‌ಶರ್ಟ್ ನಾಯಿಗಳದ್ದು. ಮೇಯ್ಲಿ, ನಿನ್ನ ಜಾಗ ನಿನ್ನದೇ, ಹೆದರಬೇಡ ಪುಟ್ಟಿ. ಕೋಚ್ ಯಾವ ನಿಯಮವನ್ನೂ ಮುರಿದಿಲ್ಲ. ಅದು ಡೇಟ್. ನನ್ನ ಮಟ್ಟಿಗಂತೂ ಡೇಟೇ. ಅವರಿಗೆ ಏನು ಅಂತ ಗೊತ್ತಿಲ್ಲ, ನೀವು ಯಾರೂ ಕೇಳಬೇಡಿ, ನಾನೇ ಕೇಳುತ್ತೇನೆ.' ಅದರ ಕೆಳಗೆ, ಅಪ್ಪನ ಕೈಯಲ್ಲಿ ತೆಗೆಸಿದ ನನ್ನ ಕೆಂಪು ಮುಖದ ಒಂದು ಫೋಟೋ ಹಾಕಿದೆ.

ಕಳಿಸಿದ ಮೇಲೆ ಏನು ಮಾಡಿಬಿಟ್ಟೆ ಎಂದು ಹೊಳೆಯಿತು. ಸಾವಿರಾರು ಜನರ ಮುಂದೆ ಹೇಳಿದ್ದೆ, ಯಾರಿಗೆ ಹೇಳಬೇಕೋ ಅವನಿಗೊಬ್ಬನಿಗೆ ಬಿಟ್ಟು. ಆ ಕಡೆ ವೆಬ್‌ಸೈಟಿನಲ್ಲಿ ಒಬ್ಬ ಬರೆದ, 'ಲೂಮಿ, ಸ್ವಂತ ಮಗಳನ್ನ ಟೆಕ್ಸಾಸಿನವಳು ಅಂದ್ಯಲ್ಲೋ!' ಇನ್ನೊಬ್ಬ, 'ಅರ್ಹತೆ ನಿಜವಾಗ್ಲೂ ಮುಗಿದಿದ್ಯಾ? ಇನ್ನೊಂದ್ಸಲ ವಿಚಾರಿಸಿ.' ಬಳಿಕ ನಗೆಯ ಪ್ರವಾಹವೇ ಬಂತು. ಅದರ ನಡುವೆ ಅಪ್ಪ ಕಿರುಚಿದ, "ಮೇಯ್ಲಿ ವಾಪಸ್ ಹಾಕಿದ್ಳು! ಕಾಲೇಜಿನ ಹೆಸರು ವಾಪಸ್ ಹಾಕಿದ್ಳು!"

ಡೇನ್‌ನಿಂದ ಮಾತ್ರ ಒಂದಕ್ಷರವಿಲ್ಲ. ಅಪ್ಪ ಎದುರು ಕೂತು ನನಗೆ ಕೊಲಾಚೆ ಬನ್ನುಗಳನ್ನು ಒಂದಾದ ಮೇಲೊಂದು ಕೊಡುತ್ತಿದ್ದ. ಹನ್ನೊಂದು ವರ್ಷದ ಹಿಂದೆಯೂ ಹೀಗೇ ತಿನ್ನಿಸಿದ್ದ. ನಾನು ತಿನ್ನುತ್ತಾ ಫೋನಿನ ಕಡೆ ನೋಡದಿರಲು ಒದ್ದಾಡುತ್ತಿದ್ದೆ.

ಹೊರಗೆ ನಾಯಿ ಬೊಗಳಿತು. ಹಿತ್ತಲ ಬಾಗಿಲು ತೆಗೆದರೆ ಮೆಟ್ಟಿಲ ಕೆಳಗೆ ಡೇನ್. ತಲೆಯ ಮೇಲೆಲ್ಲ ಹಿಮ, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಕಂಕುಳಲ್ಲಿ ಪೋಯ್.

"ನಾಯಿಗೆ ಏನಾಯ್ತು?" ಅಂದೆ.

"ಏನೂ ಆಗಿಲ್ಲ. ಪಾದ ವಾಸಿಯಾದ ಮೇಲೆ ಅದು ಯಾವತ್ತೂ ಚೆನ್ನಾಗೇ ಇತ್ತು." ಮೂಗು ಕೆಂಪಾಗಿತ್ತು. "ಕೇಳ್ತೀನಿ ಅಂದ್ರಲ್ಲ. ಕೇಳಿ."

"ಅದು ಡೇಟಾ, ಕೋಚ್?"

"ಹೆಡ್ ಕೋಚ್‌ಗೆ ನಾಯಿ ಡಾಕ್ಟ್ರು ಅಂತ ಹೇಳ್ದೆ, ನೀವು ಹೇಳಿದ್ರಿ ಅಂತ. ಹೊರಗೆ ಹಾಗೇ ಹೇಳಿಸಿದ್ರು, ಆದ್ರೆ ಅಷ್ಟೇ ಅಂದ್ರೆ ಅವರೂ ನಂಬಲಿಲ್ಲ. ನಿಜ ಹೇಳೋ ಅಂದ್ರು. ಹೇಳ್ದೆ." ಒಂದು ಮೆಟ್ಟಿಲು ಹತ್ತಿದ. "ಆ ಹುಡುಗಿ ಅಂದ್ರೆ ನಂಗೆ ಪ್ರಾಣ, ಆದ್ರೆ ಅವಳಿಗೆ ನಾನು ಬರೀ ನಾಯಿ ಓನರ್ರು ಅಂದೆ. ಅವರ ರೂಮಿಂದ ಹೊರಗೆ ಬಂದ್ರೆ ಕಾರಿಡಾರಲ್ಲಿ ಇಡೀ ತಂಡ ನಿಮ್ಮ ಪೋಸ್ಟ್ ಓದ್ತಾ ಕಿರುಚ್ತಿತ್ತು. ಅಲ್ಲಿಂದ ಓಡ್ಕೊಂಡೇ ಬಂದೆ."

"ಎಷ್ಟು ಜನ ಹುಡುಗೀರನ್ನ ಮಾತಾಡಿ ಒಪ್ಪಿಸಿದೀರಿ. ನನ್ನ ಹತ್ರ ಒಂದು ಮಾತು ಆಡೋಕಾಗ್ಲಿಲ್ವಾ?"

"ಅವರು ಇಲ್ಲ ಅಂದ್ರೆ ನಾನು ಊಟ ಮಾಡಿ ಮಲ್ಕೋತೀನಿ. ನೀನು ಇಲ್ಲ ಅಂದಿದ್ರೆ..." ಬಾಯಿ ತಪ್ಪಿ ಬಂದ 'ನೀನು' ಅವನಿಗೇ ಕೇಳಿಸಿತು. ಕಿವಿಯವರೆಗೂ ಕೆಂಪಾದ. ಮತ್ತೊಂದು ಮೆಟ್ಟಿಲು ಹತ್ತಿ ನಿಂತ. "ನಿನ್ನ ಯಾರೂ ಕರೀಲಿಲ್ಲ ಅಂದ್ಯಲ್ಲ ಗ್ರೆಟಾ. ನಾನು ಕರೀತಿದೀನಿ. ಬರ್ತೀಯಾ?"

ಅವನು ಇನ್ನೊಂದು ಮೆಟ್ಟಿಲು ಹತ್ತುವವರೆಗೆ ಕಾಯಲು ನನ್ನಿಂದಾಗಲಿಲ್ಲ. ನಾನೇ ಇಳಿದೆ.

"ಬರ್ತೀನಿ ಕಣೋ," ಅಂದೆ. ಬಗ್ಗಿ ಅವನ ಮೂಗಿನ ಮೇಲಿದ್ದ ಹಿಮಕ್ಕೆ ಮುತ್ತಿಟ್ಟೆ, ಆಮೇಲೆ ತುಟಿಗೆ. ಪೋಯ್ ನಮ್ಮಿಬ್ಬರ ಮಧ್ಯೆ ಸಿಕ್ಕಿಕೊಂಡು ಗೊಣಗಿತು.

ತಲೆಯ ಮೇಲೆ ಗಂಟೆ ಢಣಢಣ ಹೊಡೆದುಕೊಂಡಿತು. ಬೆಚ್ಚಿಬಿದ್ದು ತಿರುಗಿದರೆ ಅಪ್ಪ ಬರೀ ಸಾಕ್ಸಿನಲ್ಲಿ ಹಿಮದ ಮೇಲೆ ನಿಂತು, ಎರಡೂ ಕೈಯಲ್ಲಿ ಹಗ್ಗ ಹಿಡಿದು ಜಗ್ಗುತ್ತಿದ್ದ. ಕೆನ್ನೆಯೆಲ್ಲ ಒದ್ದೆ. ಬೀದಿಯುದ್ದಕ್ಕೂ ಕಿಟಕಿಗಳು ತೆರೆದುಕೊಂಡವು.

"ಯಾರು ಲೂಮಿ?" ಆಚೆಮನೆಯವರು ಕೂಗಿದರು. "ಯಾರು ಕಮಿಟ್ ಆದ್ರು?"

"ಗ್ರೆಟಾ!" ಅಪ್ಪ ಗಂಟಲು ಹರಿಯುವಂತೆ ಕೂಗಿದ. "ನಮ್ಮ ಗ್ರೆಟಾ!"