ತುರ್ಭೆ ಗೋದಾಮಿನ ಪಂಪ್ ಪೆಟ್ಟಿಗೆಗಳು

ಫೆಬ್ರವರಿ 11, ಮಂಗಳವಾರ. ಬೆಳಗ್ಗೆ 10.40ಕ್ಕೆ ತುರ್ಭೆ ಪೊಲೀಸ್ ಸ್ಟೇಷನ್ನಿನ ಡ್ಯೂಟಿ ಟೇಬಲ್ಲಿನ ಮುಂದೆ ಮರಗಮ್ಮ ಎಂಬ ಹೆಂಗಸು ಬಂದು ನಿಂತಳು. ಯಾದಗಿರಿ ಕಡೆಯವಳು, ವಯಸ್ಸು ಮೂವತ್ತೆಂಟು, ಕಟ್ಟಡ ಕೆಲಸ, ವಾಸ ಸ್ಟೇಷನ್ನಿನ ಹಿಂದಿನ ಝೋಪಡಪಟ್ಟಿಯಲ್ಲಿ. ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಲೋಡಿಂಗ್ ಮಾಡುತ್ತಿದ್ದ ಅವಳ ಗಂಡ ದೇವಿಂದ್ರ ಶನಿವಾರ ಕೆಲಸಕ್ಕೆ ಹೋದವನು ಮನೆಗೆ ಬಂದಿರಲಿಲ್ಲ. ಡ್ಯೂಟಿಯಲ್ಲಿದ್ದ ಹವಾಲ್ದಾರ್ ಜಯೇಶ್ ಮ್ಹಾತ್ರೆಗೆ ಅವಳ ಹಿಂದಿ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕಾಣೆಯಾದವರ ರಿಜಿಸ್ಟರ್ ತೆರೆದವನು ಅದನ್ನು ಮತ್ತೆ ಮುಚ್ಚಿ, ಅವಳನ್ನು ಇನ್ಸ್‌ಪೆಕ್ಟರ್ ಕೋಣೆಗೆ ಕರೆದುಕೊಂಡು ಹೋದ.

ಇನ್ಸ್‌ಪೆಕ್ಟರ್ ಅಮಿತಾ ಕೋಟ್ಯಾನ್ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಕಾಪು ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಭಾನುವಾರ ಊರಿನವರ ಸಂಘದ ಕ್ಲಾಸಿನಲ್ಲಿ ಕನ್ನಡ. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಆ ಕನ್ನಡ ಹಲವು ಸಲ ಕೆಲಸಕ್ಕೆ ಬಂದಿತ್ತು. ಕುರ್ಚಿ ತೋರಿಸಿ, ನಿಧಾನವಾಗಿ ಹೇಳುವಂತೆ ಕೇಳಿದಳು.

ಗೋದಾಮಿನ ಮ್ಯಾನೇಜರ್ ವಿಕಾಸ್ ಎಂಬವನು, ದೇವಿಂದ್ರ ರಜೆ ಹಾಕಿ ಊರಿಗೆ ಹೋದ ಎಂದಿದ್ದ. ಮರಗಮ್ಮ ಒಪ್ಪಿರಲಿಲ್ಲ.

"ಊರಾಗ ಯಾರದಾರ್ರಿ ಮೇಡಂ? ನಾವಿಬ್ರೂ ಇಲ್ಲೇ ಅದೀವಿ. ಊಟದ ಡಬ್ಬಿ ಗೋದಾಮಿನ್ಯಾಗ ಬಿಟ್ಟು ಯಾವ ಮನಶಾ ಊರಿಗೆ ಹೋಗ್ತಾನ?"

ಡಬ್ಬಿಯನ್ನು ಜೊತೆಯ ಹಮಾಲನೊಬ್ಬ ಭಾನುವಾರ ತಂದುಕೊಟ್ಟಿದ್ದ. ಏನು ಕೇಳಿದರೂ ಬಾಯಿ ಬಿಡದೆ ಹೊರಟುಹೋಗಿದ್ದ. ಅದೇ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಅವಳಿಗೆ ಒಂದು ಫೋನ್ ಬಂದಿತ್ತು. ದನಿ ದೇವಿಂದ್ರನದೇ. ಚೆನ್ನಾಗಿದ್ದೇನೆ, ಯಾರಿಗೂ ಹೇಳಬೇಡ, ಹದಿನಾಲ್ಕನೇ ತಾರೀಖಿಗೆ ಬಿಡುತ್ತಾರಂತೆ ಎಂದು ಹೇಳಿ ಇಟ್ಟುಬಿಟ್ಟಿದ್ದ.

"ಬಿಡುತ್ತಾರೆ ಅಂದನಾ, ಬರುತ್ತೇನೆ ಅಂದನಾ?" ಅಮಿತಾ ಕೇಳಿದಳು.

"ಬಿಡ್ತಾರಂತ ಅಂದ್ರಿ."

ಆ ಒಂದು ಮಾತಿನ ಮೇಲೆ ಅಮಿತಾ ತನಿಖೆ ಶುರುಮಾಡಿದಳು. 11.25ಕ್ಕೆ ಫೋನ್ ನಂಬರು ಸೈಬರ್ ಸೆಲ್‌ಗೆ ಹೋಯಿತು. 12.30ಕ್ಕೆ ಅಮಿತಾ, ಜಯೇಶ್ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು ಗೋದಾಮಿನಲ್ಲಿದ್ದರು.

ವಿಕಾಸ್ ಗಾಬರಿಯಾಗಲಿಲ್ಲ. ನೀರೆತ್ತುವ ಪಂಪುಗಳ ಬಿಡಿಭಾಗ ರಫ್ತು ಮಾಡುವ ಗೋದಾಮು ಇದು ಎಂದ. ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಸಿಸಿಟಿವಿ ಕೆಟ್ಟಿತ್ತು ಎಂದೂ ಹೇಳಿದ. ಗೋದಾಮು ಖಾಲಿಯಾಗಿತ್ತು, ಸರಕು ಭಾನುವಾರವೇ ಕಂಟೇನರಿನಲ್ಲಿ ಬಂದರಿಗೆ ಹೋಗಿತ್ತು. ಜಯೇಶ್ ಮಾತ್ರ ಒಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದ. ಕಾಂಕ್ರೀಟಿನಲ್ಲಿ ಅಂಗೈಯಗಲದ ಹೊಸ ಗುಂಡಿ ಬಿದ್ದಿತ್ತು. ಅದರ ಸುತ್ತಲಿನ ನೆಲವನ್ನು ಮಾತ್ರ ಯಾರೋ ಆಸಿಡ್ ಹಾಕಿ ಉಜ್ಜಿದ್ದರು.

"ಇಷ್ಟು ದೊಡ್ಡ ಗೋದಾಮಿನಲ್ಲಿ ಇಷ್ಟೇ ಜಾಗ ಯಾಕೆ ತೊಳೆದ್ರಿ?" ಅಮಿತಾ ಕೇಳಿದಳು.

"ಎಣ್ಣೆ ಚೆಲ್ಲಿತ್ತು, ಮ್ಯಾಡಮ್."

ಅಮಿತಾ ಕರೆಸಿದ ಫೊರೆನ್ಸಿಕ್‌ನವರು ಗುಂಡಿಯ ಬಿರುಕಿನೊಳಗಿಂದ ಹತ್ತಿಯಲ್ಲಿ ಒರೆಸಿ ತೆಗೆದದ್ದು ಎಣ್ಣೆಯಾಗಿರಲಿಲ್ಲ. ಸ್ಥಳದಲ್ಲೇ ಮಾಡಿದ ಪರೀಕ್ಷೆ ರಕ್ತ ಎಂದು ತೋರಿಸಿತು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮುಗಿಯುವಷ್ಟರಲ್ಲಿ ಸೈಬರ್ ಸೆಲ್‌ನಿಂದ ಉತ್ತರ ಬಂತು. ಫೋನ್ ಬಂದ ಜಾಗ ಕಲ್ಯಾಣ ಪಶ್ಚಿಮ. ಸಿಮ್ ನಳಿನಾಕ್ಷಿ ಎಂಬವರ ಹೆಸರಲ್ಲಿದೆ. ಅಲ್ಲಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಅವರು ನರ್ಸ್.

ಸಂಜೆ 4.50ಕ್ಕೆ ಅಮಿತಾ ಮಫ್ತಿಯಲ್ಲಿ ಅಲ್ಲಿಗೆ ಹೋದಳು. ನಳಿನಾಕ್ಷಿಯನ್ನು ಡ್ರೆಸ್ಸಿಂಗ್ ಕೋಣೆಯ ಬಾಗಿಲಲ್ಲಿ ತಡೆದು, ಹೆಸರಿನಿಂದಲೇ ಊರ ಕಡೆಯವಳೆಂದು ಊಹಿಸಿ, ತುಳುವಿನಲ್ಲೇ ತಾನು ಯಾರೆಂದು ಹೇಳಿದಳು. ನಳಿನಾಕ್ಷಿ ಅತ್ತಿತ್ತ ನೋಡಿ ಬಾಗಿಲು ಮುಂದೆ ಮಾಡಿದಳು. ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಒಬ್ಬ ಪೇಷಂಟ್ ಇದ್ದಾನೆ, ರಿಜಿಸ್ಟರಿನಲ್ಲಿರುವ ಹೆಸರು ಅವನದಲ್ಲ, ಮೆಟ್ಟಿಲಿಂದ ಬಿದ್ದದ್ದು ಎಂದು ಬರೆಸಿದ್ದಾರೆ, ಆದರೆ ಪಾದ ಜಜ್ಜಿಹೋಗಿದೆ, ಇಬ್ಬರು ಗಂಡಸರು ಸರದಿಯಲ್ಲಿ ಕಾವಲಿದ್ದಾರೆ ಎಂದಳು. ಫೋನ್ ಕೊಟ್ಟದ್ದು ಹೌದಾ ಎಂದು ಅಮಿತಾ ಕೇಳಿದಳು.

"ಹೌದು ಮೇಡಂ. ನೋವಲ್ಲಿ ಕನ್ನಡದಲ್ಲಿ ನರಳ್ತಾ ಇದ್ರು. ಕಾವಲಿನವ ಊಟಕ್ಕೆ ಹೋದಾಗ ಕೇಳಿದ್ರು. ಮನಸ್ಸು ತಡೆಯಲಿಲ್ಲ, ಕೊಟ್ಟೆ."

ಹತ್ತು ನಿಮಿಷದಲ್ಲಿ ಕಲ್ಯಾಣದ ಪೊಲೀಸರ ಸಹಾಯದಿಂದ ಕಾವಲಿನವರಿಬ್ಬರನ್ನೂ ಕೆಳಗಿಳಿಸಿದರು. ದೇವಿಂದ್ರ ಮಂಚದ ಮೇಲೆ ಎದ್ದು ಕೂರಲು ನೋಡಿದ, ಆಗಲಿಲ್ಲ. ಅವನ ಹೇಳಿಕೆಯನ್ನು ಅಮಿತಾ ತಾನೇ ಬರೆದುಕೊಂಡಳು. ಶನಿವಾರ ಫೋರ್ಕ್‌ಲಿಫ್ಟಿನಿಂದ ಪೆಟ್ಟಿಗೆಯೊಂದು ಜಾರಿ ಪಾದದ ಮೇಲೆ ಬಿತ್ತು, ಹಲಗೆ ಒಡೆದು ಒಳಗಿನದು ಹೊರಗೆ ಬಂತು, ವಿಕಾಸ್ ಓಡಿಬಂದು ಎಲ್ಲರನ್ನೂ ಹೊರಗೆ ಕಳಿಸಿದ. ದೇವಿಂದ್ರ ನೋಡಿಬಿಟ್ಟಿದ್ದಾನೆಂದು ಗೊತ್ತಾದ ಮೇಲೆ, ಹಡಗು ಹೊರಡುವವರೆಗೆ ಬಾಯಿ ಮುಚ್ಚಿಕೊಂಡಿರದಿದ್ದರೆ ಹೆಂಡತಿಯೂ ಉಳಿಯುವುದಿಲ್ಲ ಎಂದು ಹೆದರಿಸಿದ್ದ.

"ಒಳಗೆ ಏನಿತ್ತು?"

"ಪಂಪಂತೂ ಅಲ್ರಿ. ನಾ ಹತ್ತು ವರ್ಷ ಹೊಲದಾಗ ಪಂಪ್ ಬಿಚ್ಚಿ ಕೂಡಿಸಿದ ಮನಶಾ. ಇದು ಮೂತಿ ಚೂಪ, ಹಿಂದ ರೆಕ್ಕಿ. ಕಬ್ಬಿಣದ ಮೀನ ಇದ್ದಂಗಿತ್ತು. ಬಾಂಬ್ ಅದು."

ಸಂಜೆ 7.15ಕ್ಕೆ ಅಪಹರಣ, ಅಕ್ರಮ ಬಂಧನ ಮತ್ತು ಜೀವ ಬೆದರಿಕೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು, ನಂಬರ್ 64. ವಿಕಾಸನನ್ನು ಅಂದೇ ಬಂಧಿಸಿದರು. ವಕೀಲರು ಬಂದ ಮೇಲೆಯೇ ಮಾತಾಡುತ್ತೇನೆ ಎಂದ ಅವನು.

ಬುಧವಾರ ಬೆಳಗ್ಗೆ ಬಂದರಿನ ಕಸ್ಟಮ್ಸ್ ಕಚೇರಿಯಲ್ಲಿ ಅಮಿತಾ ಆ ಕಂಟೇನರಿನ ಕಾಗದ ನೋಡಿದಳು. ಹಡಗು ಗುರುವಾರ ಮಧ್ಯಾಹ್ನ ಎರಡಕ್ಕೆ ಹೊರಡುವುದಿತ್ತು. ಕಸ್ಟಮ್ಸ್ ಅಧಿಕಾರಿಣಿ ಆಶ್ರಿತಾ ಅನುಮಾನವನ್ನು ಮುಚ್ಚಿಡಲಿಲ್ಲ. ತೂಕ ಹೆಚ್ಚಿದೆ ಎಂದು ಬರೆದಿದ್ದೇನೆ, ಆದರೆ ತೆರೆಯಲು ಅಧಿಕಾರವಿಲ್ಲ ಎಂದಳು. ಬೇಲಾಪುರದ ವಿಶೇಷ ರಫ್ತು ಅನುಮತಿ ಕಚೇರಿಯ ಪತ್ರವೊಂದು ಕಾಗದಗಳ ಮೇಲ್ಗಡೆ ಪಿನ್ ಮಾಡಿತ್ತು. ರಾಷ್ಟ್ರೀಯ ಮಹತ್ವದ ಸರಕು, ಕಸ್ಟಮ್ಸ್ ತಪಾಸಣೆಯಿಂದ ವಿನಾಯಿತಿ. ಸಹಿ ಮಾಡಿದವರು ಉಪನಿರ್ದೇಶಕ ಸೂರ್ಯನಾರಾಯಣ. ಅದೇ ಕಚೇರಿಯಿಂದ ಹದಿನೆಂಟು ತಿಂಗಳಲ್ಲಿ ಇಂಥ ಐದು ಪತ್ರಗಳು ಬಂದಿದ್ದವು.

ಸ್ಟೇಷನ್ನಿಗೆ ಮರಳುವ ಮುಂಚೆಯೇ ದೆಹಲಿಯಿಂದ ಫೋನ್ ಬಂತು. ಸಚಿವಾಲಯವೊಂದರ ಜಂಟಿ ಕಾರ್ಯದರ್ಶಿ ಎಂದು ಹೇಳಿಕೊಂಡವರು, ಹಮಾಲನ ಕಾಲಿನ ಕೇಸನ್ನು ಕಾಲಿನಷ್ಟಕ್ಕೇ ಇಟ್ಟುಕೊಳ್ಳಿ ಎಂದರು. ಅಮಿತಾ ಅದನ್ನು ಬರಹದಲ್ಲಿ ಕಳಿಸಲು ಕೋರಿದಳು. ಫೋನ್ ಕಟ್ಟಾಯಿತು. ಅರ್ಧ ಗಂಟೆಯಲ್ಲಿ ಎಸಿಪಿಯೂ ಕರೆದು, ತನಗೂ ಅದೇ ಫೋನ್ ಬಂದಿದೆ ಎಂದರು. ಅವರು ನಿವೃತ್ತಿಗೆ ಎಂಟು ತಿಂಗಳಿದ್ದವರು. ನನಗೂ ಬರಹದಲ್ಲಿ ಏನೂ ಬಂದಿಲ್ಲ, ನಿನಗೆ ಕಾನೂನು ಎಲ್ಲಿವರೆಗೆ ದಾರಿ ಕೊಡುತ್ತದೋ ಅಲ್ಲಿವರೆಗೆ ಹೋಗು ಎಂದರು.

ಆ ದಾರಿಯನ್ನು ಅಮಿತಾ ಮಧ್ಯಾಹ್ನವೆಲ್ಲ ಕೂತು ಹುಡುಕಿದಳು. ಆ ಪತ್ರ ತಡೆಯುತ್ತಿದ್ದದ್ದು ಕಸ್ಟಮ್ಸನ್ನು. ಅವಳಿಗೆ ಬೇಕಾದದ್ದೋ ಒಬ್ಬ ಮನುಷ್ಯನ ಪಾದ ಜಜ್ಜಿದ ಪೆಟ್ಟಿಗೆ. ಎಫ್‌ಐಆರ್ 64ರ ಸಾಕ್ಷ್ಯ. ಅದು ಯಾವ ಕಂಟೇನರಿನಲ್ಲಿದ್ದರೇನು? ಬುಧವಾರ 4.30ಕ್ಕೆ ಬೇಲಾಪುರದ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿದಳು. ಅದರಲ್ಲಿ ಶಸ್ತ್ರ ಎಂಬ ಪದವೇ ಇರಲಿಲ್ಲ. ಮ್ಯಾಜಿಸ್ಟ್ರೇಟರು ಎರಡು ಸಲ ಓದಿದರು.

"ಒಂದು ಪೆಟ್ಟಿಗೆಗಾಗಿ ಇಡೀ ಕಂಟೇನರ್ ತೆರೆಯಬೇಕೇ?"

"ಯಾವ ಪೆಟ್ಟಿಗೆಯೆಂದು ತೆರೆಯದೆ ತಿಳಿಯುವುದಿಲ್ಲ, ಯುವರ್ ಆನರ್."

ಆದೇಶ ಸಿಕ್ಕಿತು.

ಗುರುವಾರ ಬೆಳಗ್ಗೆ 11.20. ಕಂಟೇನರಿನ ಸೀಲನ್ನು ಪಂಚರು, ಆಶ್ರಿತಾ ಮತ್ತು ಬಾಂಬ್ ನಿಷ್ಕ್ರಿಯ ದಳದ ಎದುರಿಗೆ ಒಡೆದರು. ಕ್ರೇನಿನವರೂ ಟ್ರೇಲರ್ ಡ್ರೈವರುಗಳೂ ಕೆಲಸ ನಿಲ್ಲಿಸಿ ದೂರದಲ್ಲಿ ಗುಂಪುಗೂಡಿದರು. ರಫ್ತುದಾರರ ವಕೀಲ ವಿನಾಯಿತಿ ಪತ್ರವನ್ನು ಗಾಳಿಯಲ್ಲಿ ಆಡಿಸುತ್ತಿದ್ದ. ಅಮಿತಾ ಕೋರ್ಟಿನ ಆದೇಶದ ಪ್ರತಿಯನ್ನು ಅವನ ಕೈಗಿತ್ತು ಸಹಿ ಹಾಕಿಸಿಕೊಂಡಳು. ಮೊದಲ ಸಾಲಿನ ಪೆಟ್ಟಿಗೆಗಳಲ್ಲಿ ನಿಜವಾಗಿಯೂ ಪಂಪಿನ ಭಾಗಗಳಿದ್ದವು. ಎರಡನೆಯ ಸಾಲಿನಲ್ಲೂ. ವಕೀಲ ನಕ್ಕ. ಗಂಟೆ ಹನ್ನೆರಡೂಕಾಲಾಗಿತ್ತು.

ಮೂರನೆಯ ಸಾಲಿನಲ್ಲಿ ಹೊಸ ಹಲಗೆ ಹೊಡೆದ ಒಂದು ಪೆಟ್ಟಿಗೆ ಸಿಕ್ಕಿತು. ಹಳೆಯ ಹಲಗೆಯ ಅಂಚಿಗೆ ಕಂದು ಕಲೆ. ದಳದವರು ಮುಚ್ಚಳ ಎಬ್ಬಿಸಿ ಒಳಗೆ ಟಾರ್ಚ್ ಬಿಟ್ಟರು.

"ಮಾರ್ಟರ್ ಶೆಲ್," ದಳದ ಮುಖ್ಯಸ್ಥ ಹೇಳಿದ. "ಮದ್ದು ತುಂಬಿಲ್ಲ. ತಲುಪಿದ ಕಡೆ ತುಂಬಿಕೊಳ್ಳುತ್ತಾರೆ."

ಅಲ್ಲಿಂದ ಹಿಂದೆ ಎಲ್ಲ ಪೆಟ್ಟಿಗೆಗಳಲ್ಲೂ ಅದೇ. ಒಟ್ಟು 840 ಶೆಲ್‌ಗಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫ್ರೆಂಚ್ ಭಾಷೆಯ ಸೂಚನಾ ಪತ್ರದ ಮೇಲೆ ಯಾರ ಸೈನ್ಯಕ್ಕೆಂದು ಅಚ್ಚಾಗಿತ್ತು. ಅಂತರ್ಯುದ್ಧದಲ್ಲಿ ಸ್ವಂತ ಜನರ ಮೇಲೆಯೇ ಗುಂಡಿನ ಮಳೆಗರೆಯುತ್ತಿದ್ದ ಆಫ್ರಿಕಾದ ಒಂದು ದೇಶ ಅದು. ಅದಕ್ಕೆ ಒಂದು ಕಾಡತೂಸನ್ನೂ ಮಾರುವುದಿಲ್ಲ ಎಂದು ಸರ್ಕಾರ ಎರಡು ವರ್ಷದ ಹಿಂದೆ ಸಂಸತ್ತಿನಲ್ಲಿ ಘೋಷಿಸಿತ್ತು. ಕಾಗದದಲ್ಲಿ ಸರಕು ಕೊಲ್ಲಿ ದೇಶದ ಒಬ್ಬ ವ್ಯಾಪಾರಿಗೆ ಹೋಗುತ್ತಿತ್ತು.

ಆಶ್ರಿತಾ ಫ್ರೆಂಚ್ ಕಾಗದವನ್ನು ಸಾಕ್ಷ್ಯದ ಚೀಲಕ್ಕೆ ಹಾಕುತ್ತಾ, ಐದು ಸಲ ಬರೆದಿದ್ದೆ, ಐದು ಸಲವೂ ಉತ್ತರ ಬರಲಿಲ್ಲ ಎಂದಳು. ಅವಳ ಮುಖದಲ್ಲಿ ನಗುವಿತ್ತು. ಎರಡು ಗಂಟೆಗೆ ಹಡಗು ಆ ಕಂಟೇನರ್ ಇಲ್ಲದೆ ಹೊರಟಿತು. ದೂರದಲ್ಲಿದ್ದ ಡ್ರೈವರುಗಳಲ್ಲಿ ಯಾರೋ ಸೀಟಿ ಹೊಡೆದರು, ಆಮೇಲೆ ಎಲ್ಲರೂ ಹೊಡೆದರು. ಇಪ್ಪತ್ತಮೂರು ಪುಟದ ಪಂಚನಾಮೆಗೆ ಸಂಜೆ 6.05ಕ್ಕೆ ಕೊನೆಯ ಸಹಿ ಬಿತ್ತು. ಎಫ್‌ಐಆರ್‌ಗೆ ಶಸ್ತ್ರಾಸ್ತ್ರ ಕಾಯಿದೆಯ ಕಲಮುಗಳು ಸೇರಿದವು. ಸುದ್ದಿ ತಿಳಿದ ವಿಕಾಸ್, ವಕೀಲರು ಬರುವ ತನಕ ಕಾಯದೆ ಮಾತಾಡಿದ. ತಾನು ಬರೀ ಮೇಲಿನವರು ಹೇಳಿದಂತೆ ಮಾಡಿದವನು, ಪತ್ರಗಳು ಬೇಲಾಪುರದಿಂದ ಬರುತ್ತಿದ್ದವು ಎಂದ.

ಬೇಲಾಪುರದ ಕಚೇರಿಯಲ್ಲಿ ಆ ಪತ್ರಗಳ ಫೈಲ್ ಇರಲಿಲ್ಲ. ಶುಕ್ರವಾರ ಬೆಳಗ್ಗೆಯೇ ದೆಹಲಿಗೆ ತರಿಸಿಕೊಂಡಿದ್ದಾರೆ ಎಂದು ಗುಮಾಸ್ತ ಹೇಳಿದ. ಫೈಲ್ ಇಲ್ಲದಿದ್ದರೆ ಕೇಸು ಒಬ್ಬ ಮ್ಯಾನೇಜರನಲ್ಲೇ ನಿಲ್ಲುತ್ತಿತ್ತು. ಮೇಲಿನವರು ಕೈ ತೊಳೆದುಕೊಳ್ಳುತ್ತಿದ್ದರು.

ಸೋಮವಾರ, ಫೆಬ್ರವರಿ 17, ಬೆಳಗ್ಗೆ 8.10ಕ್ಕೆ ಅಮಿತಾ ಮತ್ತು ಜಯೇಶ್ ಠಾಣೆ ನಗರದ ಘೋಡ್‌ಬಂದರ್ ರೋಡಿನ ಒಂದು ಟವರಿನ ಹದಿನಾಲ್ಕನೇ ಮಹಡಿಯಲ್ಲಿ ಬೆಲ್ ಒತ್ತಿದರು. ಬಾಗಿಲು ತೆರೆದವರು ಸೂರ್ಯನಾರಾಯಣರ ಹೆಂಡತಿ ರಮಾಮಣಿ. ಮೈಸೂರಿನವರು, ಬಂದು ಇಪ್ಪತ್ತು ವರ್ಷ. ಸೂರ್ಯನಾರಾಯಣ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸಿದ್ಧರಾಗಿ ಕೂತಿದ್ದರು. ಐದು ದಿನದಿಂದ ಹೀಗೇ ಬೆಳಗ್ಗೆ ಎದ್ದು ಕೂರುತ್ತಾರೆ ಎಂದು ರಮಾಮಣಿ ಹೇಳಿದರು.

"ಪೆಟ್ಟಿಗೆಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಷೇಧ ಇರೋದು?"

"ಆ ನಿಷೇಧದ ಸುತ್ತೋಲೆಯ ಕರಡು ತಯಾರಿಸಿದ್ದೇ ನಾನಮ್ಮ."

ದೇವಿಂದ್ರನ ವಿಷಯ ಅವರಿಗೆ ಗೊತ್ತಿರಲಿಲ್ಲ. ಅಮಿತಾ ಫೋಟೋ ತೋರಿಸಿದಳು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಈ ಮನುಷ್ಯ ಈಗ ಹೇಗಿದ್ದಾನೆ ಎಂದು ಕೇಳಿದರು. ಕಾಲಿನ ಎರಡು ಬೆರಳು ಹೋಗಿವೆ, ಮುಂದೆ ನಡೆಯಬಹುದಂತೆ ಎಂದಳು ಅಮಿತಾ. ಸೂರ್ಯನಾರಾಯಣ ಎದ್ದು ಒಳಗೆ ಹೋಗಿ, ಬೀರುವಿನಿಂದ ಒಂದು ಹಸಿರು ಫೋಲ್ಡರ್ ತಂದು ಮೇಜಿನ ಮೇಲಿಟ್ಟರು. ಐದೂ ರವಾನೆಗಳ ಟಿಪ್ಪಣಿ ಹಾಳೆಗಳ ಜೆರಾಕ್ಸ್. ಪ್ರತಿ ಹಾಳೆಯಲ್ಲೂ ಅವರ ದುಂಡನೆಯ ಅಕ್ಷರ: ಜಂಟಿ ಕಾರ್ಯದರ್ಶಿಯವರ ಮೌಖಿಕ ಆದೇಶದಂತೆ. ಕೆಳಗೆ ತಾರೀಖು, ಸಮಯ. ಅದರ ಕೆಳಗೆ ಆ ಜಂಟಿ ಕಾರ್ಯದರ್ಶಿಯದೇ ಪುಟ್ಟ ಸಹಿ. ಎರಡು ಹಾಳೆಗಳಲ್ಲಿ ಅದಕ್ಕೂ ಮೇಲಿನವರದು.

ಜಯೇಶ್ ಪಂಚರನ್ನು ಕರೆದುತಂದ. 9.35ಕ್ಕೆ ಸೂರ್ಯನಾರಾಯಣರ ಬಂಧನವಾಯಿತು.

ಆ ಹಾಳೆಗಳು ಮುಂದಿನ ಕೆಲಸ ಮಾಡಿದವು. ಹೈಕೋರ್ಟು ವಿಶೇಷ ತನಿಖಾ ದಳ ನೇಮಿಸಿತು, ಅದರಲ್ಲಿ ಅಮಿತಾಳ ಹೆಸರನ್ನೂ ಸೇರಿಸಿತು. ಮಾರ್ಚ್ 6ರಂದು ಜಂಟಿ ಕಾರ್ಯದರ್ಶಿಯನ್ನು ದೆಹಲಿಯ ಅವರ ಕಚೇರಿಯಲ್ಲೇ ಬಂಧಿಸಿದರು. ಬಂಧನದ ಕಾಗದಕ್ಕೆ ಸಹಿ ಹಾಕಿಸುವಾಗ, ಅಂದು ಫೋನಿನಲ್ಲಿ ಕೇಳಿದ್ದ ದನಿ ಅದೇ ಎಂದು ಅಮಿತಾ ಗುರುತಿಸಿದಳು. ಏಪ್ರಿಲ್ ಮೊದಲ ವಾರ ಸಂಬಂಧಪಟ್ಟ ಮಂತ್ರಿ ರಾಜೀನಾಮೆ ಕೊಟ್ಟರು. ನಿಷೇಧವಿದ್ದೂ ಶಸ್ತ್ರ ಹೋದದ್ದು ನಿಜ ಎಂದು ಸರ್ಕಾರ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಆ ಮಧ್ಯಾಹ್ನ ಸ್ಟೇಷನ್ನಿನ ಟಿವಿಯ ಮುಂದೆ ಎಲ್ಲರೂ ನಿಂತಿದ್ದರು. ಜಯೇಶ್ ಪೇಡಾ ತರಿಸಿದ. ಹೇಳಿಕೆಗೆ ಸಹಿ ಮಾಡಲು ಬಂದಿದ್ದ ದೇವಿಂದ್ರ ಮತ್ತು ಮರಗಮ್ಮ ಬೆಂಚಿನಲ್ಲಿ ಕೂತು ತಿಂದರು. ಟಿವಿಯಲ್ಲಿ ದೇವಿಂದ್ರನ ಹೆಸರು ಬಂದಾಗ ಮರಗಮ್ಮ ಅವನ ತೋಳು ಹಿಡಿದುಕೊಂಡಳು.

"ನಿನ್ನ ಹೆಸರು ದಿಲ್ಲಿಮಟ ಹೋತು ನೋಡು," ಎಂದಳು.

ಸೂರ್ಯನಾರಾಯಣರ ಮೇಲೆ ಹಣ ತೆಗೆದುಕೊಂಡ ಆರೋಪವಿಲ್ಲ. ದಳ ಎಲ್ಲ ಕಡೆ ಹುಡುಕಿತು, ಏನೂ ಸಿಗಲಿಲ್ಲ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ನಿಯಮ ತಪ್ಪಿದವರಲ್ಲ, ಅದಕ್ಕೇ ಬಡ್ತಿಗಳು ಅವರನ್ನು ದಾಟಿ ಹೋಗಿದ್ದವು. ಒಂದು ದಿನ ದೆಹಲಿಯಿಂದ ಫೋನ್ ಮಾಡಿದವರು ಹೆಸರು ಹಿಡಿದು ಕರೆದು, ದೇಶದ ಕೆಲಸ, ನಿಮ್ಮಂಥವರನ್ನೇ ನಂಬಬಹುದು ಎಂದರಂತೆ. ಆಮೇಲೆ ಎರಡು ಸಲ ಅಲ್ಲಿಗೆ ಕರೆಸಿ, ದೊಡ್ಡ ಮೇಜಿನ ಒಂದು ಕುರ್ಚಿ ಕೊಟ್ಟು ಕೂರಿಸಿದರಂತೆ.

ಆ ಶೆಲ್‌ಗಳು ಎಲ್ಲಿ, ಯಾರ ಮೇಲೆ ಬೀಳುತ್ತವೆ ಎಂದು ಒಮ್ಮೆಯಾದರೂ ಕೇಳಿದಿರಾ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ಅಮಿತಾ ಹೇಳಿಕೆಯಲ್ಲಿ ಇದ್ದ ಹಾಗೆಯೇ ಬರೆದು ಸಹಿ ಹಾಕಿಸಿಕೊಂಡಳು.

"ಕೇಳಿದ್ದರೆ ಅವರು ನನ್ನನ್ನು ಮತ್ತೆ ಕರೆಯುತ್ತಿರಲಿಲ್ಲ."